ಬೆಕ್ಕಿನ ಕಣ್ಣಲ್ಲಿ ಗೀಜು: ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು

ಮಲೆನಾಡಿನಲ್ಲಿ ಮಳೆ ಹಿಡಿದು ಒಂದೆರಡು ವಾರ ಕಳೆಯುವಷ್ಟರಲ್ಲಿ ಊರಿನ ಯಾವುದಾದರೂ ಮನೆಯ ಬೆಕ್ಕಿನ ಕಣ್ಣು ಅಂಟಿಕೊಂಡ ಸುದ್ದಿ ಬಂದೇ ಬರುತ್ತದೆ. ಅಂಗಳ, ಕೊಟ್ಟಿಗೆ, ತೋಟ ಎಂದು ತಿರುಗಿಕೊಂಡಿದ್ದ ಬೆಕ್ಕುಗಳೆಲ್ಲ ಆಗ ಒಳಗೆ ಸೇರಿರುತ್ತವೆ. ಬಚ್ಚಲೊಲೆಯ ಬೂದಿ ಬೆಚ್ಚಗಿರುವಲ್ಲಿ ಒತ್ತೊತ್ತಾಗಿ ಮಲಗುತ್ತವೆ. ಅಟ್ಟದ ಮೇಲೆ ಮರಿ ಹಾಕಿದ ತಾಯಿಯೂ ಅಲ್ಲಿಗೇ ಬರುತ್ತದೆ. ಒಂದು ಸೀನಿದರೆ ಉಳಿದವಕ್ಕೆ ಹಬ್ಬಲು ಹೆಚ್ಚು ದಿನ ಬೇಡ.

"ಬೆಕ್ಕಲ್ವಾ, ನೆಕ್ಕಿಕೊಂಡು ತಾನೇ ವಾಸಿ ಮಾಡ್ಕೊಳ್ತದೆ" ಎಂದು ಸುಮ್ಮನಿರುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅಜ್ಜನ ಕಣ್ಣಿನ ಪೊರೆ ತೆಗೆಸಿದಾಗ ತಂದ ಡ್ರಾಪ್ಸ್ ಉಳಿದಿದೆಯಲ್ಲ, ಎರಡು ಹನಿ ಬಿಡೋಣ ಎನ್ನುವವರೂ ಇದ್ದಾರೆ. ಈ ಎರಡನೆಯ ಕೆಲಸವೇ ಹೆಚ್ಚು ಅಪಾಯದ್ದು. ಪೊರೆ ತೆಗೆದ ಮೇಲೆ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಬೆಕ್ಕಿನ ಕಣ್ಣುಗುಡ್ಡೆಯ ಮೇಲೆ ಸಣ್ಣ ಹುಣ್ಣಿದ್ದರೂ ಸ್ಟೀರಾಯ್ಡ್ ಅದನ್ನು ಆಳಕ್ಕಿಳಿಸುತ್ತದೆ, ಕೆಲವೊಮ್ಮೆ ಗುಡ್ಡೆಯೇ ತೂತಾಗುತ್ತದೆ.

ಆದ್ದರಿಂದ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ವೈದ್ಯರು ನೋಡುವ ತನಕ ಬೆಕ್ಕಿನ ಕಣ್ಣಿಗೆ ಹಾಕಬಹುದಾದ್ದು ಸಲೈನ್ ಒಂದೇ. ಮತ್ತು ಗೀಜು ಹಳದಿಯೋ ಹಸಿರೋ ಎನ್ನುವುದಕ್ಕಿಂತ ಕಣ್ಣು ಪೂರ್ತಿ ತೆರೆದಿದೆಯೋ ಇಲ್ಲವೋ ಎನ್ನುವುದನ್ನು ನೋಡಿ. ಬಣ್ಣ ನೋಡಿ ಗಾಬರಿಯಾಗುವವರು, ಕಣ್ಣು ಕಿರಿದು ಮಾಡಿಕೊಂಡು ಕೂತ ಬೆಕ್ಕನ್ನು "ನಿದ್ದೆಗಣ್ಣು" ಎಂದು ಬಿಟ್ಟುಬಿಡುತ್ತಾರೆ. ಕಣ್ಣು ಕಿರಿದಾದರೆ ನೋವಿದೆ ಎಂದೇ ಅರ್ಥ.

ಮೊದಲು: ಒರೆಸುವ ಮುಂಚೆ ನೋಡಿ

ಬೆಕ್ಕನ್ನು ಹಗಲು ಬೆಳಕು ಬೀಳುವ ಕಡೆ, ಜಗುಲಿಯಲ್ಲೋ ಕಿಟಕಿ ಪಕ್ಕದಲ್ಲೋ ಕೂರಿಸಿಕೊಳ್ಳಿ. ಮಳೆಗಾಲದಲ್ಲಿ ಮಧ್ಯಾಹ್ನವೂ ಕತ್ತಲಿರುವ ಒಳಮನೆಯಲ್ಲಿ ಏನೂ ಕಾಣುವುದಿಲ್ಲ. ಕೈ ಹಾಕುವ ಮುಂಚೆ ಮೊಬೈಲಿನಲ್ಲಿ ಎರಡೂ ಕಣ್ಣಿನ ಫೋಟೊ ತೆಗೆದಿಡಿ, ಫ್ಲ್ಯಾಶ್ ಬೇಡ. ಒರೆಸಿದ ಮೇಲೆ ಗೀಜಿನ ಬಣ್ಣ, ಪ್ರಮಾಣ ಯಾವುದನ್ನೂ ವೈದ್ಯರಿಗೆ ತೋರಿಸಲಾಗುವುದಿಲ್ಲ. ಮರುದಿನ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೋಲಿಸಲಿಕ್ಕೂ ಆ ಫೋಟೊವೇ ಆಧಾರ.

ಬೆಳಿಗ್ಗೆ ಎದ್ದಾಗ ಮೂಗಿನ ಬದಿಯ ಮೂಲೆಯಲ್ಲಿ ಚೂರು ಕಂದು ಅಥವಾ ಕಪ್ಪು ಹಕ್ಕಳೆ ಇರುವುದು ರೋಗವಲ್ಲ. ಬೆಕ್ಕಿನ ಕಣ್ಣೀರಿನಲ್ಲಿ ಪೋರ್ಫಿರಿನ್ ಎಂಬ ಬಣ್ಣದ ಅಂಶವಿದೆ, ಗಾಳಿಗೆ ಒಣಗಿದರೆ ಅದು ಕೆಂಗಂದು ಆಗುತ್ತದೆ. ರಕ್ತ ಎಂದು ಹೆದರಬೇಡಿ. ಚಪ್ಪಟೆ ಮುಖದ ಪರ್ಷಿಯನ್ ಬೆಕ್ಕು ಸಾಕಿದವರು ಈ ಕಲೆಯನ್ನು ದಿನವೂ ಕಾಣುತ್ತಾರೆ. ಅವುಗಳಲ್ಲಿ ಕಣ್ಣೀರು ಮೂಗಿಗಿಳಿಯುವ ನಾಳ ತಿರುಚಿಕೊಂಡಿರುವುದರಿಂದ ನೀರು ಕೆನ್ನೆಯ ಮೇಲೆ ಹರಿಯುತ್ತದೆ. ಒದ್ದೆ ಬಟ್ಟೆಯಿಂದ ದಿನಾ ಒರೆಸಿ ಒಣಗಿಸಿದರೆ ಸಾಕು. ಮಳೆಗಾಲದಲ್ಲಿ ಒಣಗಿಸದೆ ಬಿಟ್ಟರೆ ಅಲ್ಲಿನ ಚರ್ಮ ಕೊಳೆಯುತ್ತದೆ.

ನೋಡಬೇಕಾದ್ದು ಇವು. ಒಂದೇ ಕಣ್ಣೋ, ಎರಡೂ ಕಣ್ಣೋ? ನೀರಿನಂತೆ ತೆಳುವೋ, ಕೀವಿನಂತೆ ಗಟ್ಟಿಯೋ? ರೆಪ್ಪೆಯ ಒಳಬದಿ ಕೆಂಪಾಗಿ ಊದಿದೆಯೇ? ಕಣ್ಣುಗುಡ್ಡೆ ಗಾಜಿನಷ್ಟು ತಿಳಿಯಾಗಿದೆಯೇ, ಎಲ್ಲಾದರೂ ಮಬ್ಬು ಚುಕ್ಕೆ ಕಾಣುತ್ತದೆಯೇ? ಎರಡೂ ಪಾಪೆ ಒಂದೇ ಅಳತೆಯಲ್ಲಿವೆಯೇ? ಮೂಲೆಯಿಂದ ಬಿಳಿ ಪೊರೆಯೊಂದು ಅಡ್ಡ ಬಂದಿದೆಯೇ? ಆ ಪೊರೆ ಬೆಕ್ಕಿನ ಮೂರನೆಯ ರೆಪ್ಪೆ, ಎಲ್ಲ ಬೆಕ್ಕಿಗೂ ಇರುವಂಥದ್ದು. ಆರೋಗ್ಯವಾಗಿದ್ದಾಗ ಅದು ಕಾಣಿಸುವುದು ಅಪರೂಪ. ಎಚ್ಚರವಾಗಿರುವಾಗಲೂ ಹೊರಬಂದೇ ಇದ್ದರೆ ಕಣ್ಣು ನೋಯುತ್ತಿದೆ ಅಥವಾ ದೇಹವೇ ಸೋತಿದೆ.

ಜೊತೆಗೆ ಸೀನು, ಮೂಗು ಕಟ್ಟುವುದು, ಜೊಲ್ಲು, ನಾಲಿಗೆಯ ಮೇಲೆ ಹುಣ್ಣು ಇವುಗಳನ್ನೂ ಗಮನಿಸಿ. ನಿನ್ನೆ ಮೊನ್ನೆ ಬೇರೆ ಬೆಕ್ಕಿನೊಡನೆ ಜಗಳವಾಡಿತ್ತೇ, ತೋಟಕ್ಕೆ ಔಷಧಿ ಹೊಡೆದ ದಿನ ಅಲ್ಲಿ ತಿರುಗಿತ್ತೇ ಎಂದು ನೆನಪು ಮಾಡಿಕೊಳ್ಳಿ.

ಕಾಯದೆ ಹೊರಡಬೇಕಾದಾಗ

ಕಣ್ಣು ಪೂರ್ತಿ ಮುಚ್ಚಿಕೊಂಡಿದ್ದರೆ ಅಥವಾ ಬೆಳಕಿಗೆ ಕಿರಿದು ಮಾಡುತ್ತಿದ್ದರೆ, ಗುಡ್ಡೆ ನೀಲಿಯಾಗಿ, ಹಾಲಿನಂತೆ ಮಬ್ಬಾಗಿ ಕಂಡರೆ, ಪಾಪೆಗಳು ಹೆಚ್ಚುಕಮ್ಮಿ ಇದ್ದರೆ, ರಕ್ತ ಬಂದರೆ, ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದಾಗಿ ಊದಿದ್ದರೆ, ಬಾವುಗಗಳ ಕಾದಾಟದಲ್ಲಿ ಉಗುರು ತಗಲಿದ್ದು ಗೊತ್ತಿದ್ದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಉಗುರಿನ ಗಾಯ ಮೇಲೆ ಸೂಜಿಮೊನೆಯಷ್ಟೇ ಇರುತ್ತದೆ, ಒಳಗೆ ಕೀವು ಕಟ್ಟುತ್ತದೆ. ಅಡಿಕೆ ಸುಗ್ಗಿಯ ಗಡಿಬಿಡಿಯೆಂದು ಎರಡು ದಿನ ಮುಂದೂಡಿದರೆ ಕಣ್ಣು ಉಳಿಯದೆ ಹೋಗಬಹುದು.

ಸುಣ್ಣ ಬಿದ್ದರೆ ಕ್ಷಣವೂ ತಡೆಯಬೇಡಿ. ಎಲೆಯಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೊ ದ್ರಾವಣಕ್ಕೆ ಕಲಸಿದ ಸುಣ್ಣ, ಎಲ್ಲವೂ ಕ್ಷಾರ. ಕ್ಷಾರ ಕಣ್ಣಿನ ಮೇಲ್ಪದರವನ್ನು ಸುಟ್ಟು ಒಳಗೆ ಇಳಿಯುತ್ತಲೇ ಹೋಗುತ್ತದೆ. ಬೋರ್ಡೊ ಕಲಸುವ ಮನೆಗಳಲ್ಲಿ ನೂರು ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಕಲಸಿದ ಡ್ರಮ್ಮಿನ ಬದಿಯಲ್ಲಿ ಒಣಗಿದ ಪುಡಿ ಬೆಕ್ಕಿನ ಪಾದಕ್ಕೆ ಅಂಟಿ, ಅದೇ ಪಾದದಿಂದ ಮುಖ ತೊಳೆದುಕೊಂಡಾಗ ಕಣ್ಣಿಗೆ ಹೋಗುತ್ತದೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಹೀಗಾದರೆ ಸಲೈನ್ ಹುಡುಕುತ್ತ ಕೂರಬೇಡಿ. ಶುದ್ಧವಾದ ತಣ್ಣೀರನ್ನೇ ಸಣ್ಣ ಧಾರೆಯಾಗಿ 15ರಿಂದ 20 ನಿಮಿಷ ಕಣ್ಣಿನ ಮೇಲೆ ಬಿಡಿ. ಸುಣ್ಣದ ಚೂರು ಕಂಡರೆ ಒದ್ದೆ ಬಟ್ಟೆಯ ತುದಿಯಿಂದ ಎತ್ತಿ ತೆಗೆಯಿರಿ. ಪಾದಗಳನ್ನೂ ತೊಳೆದು ಆಮೇಲೆ ಹೊರಡಿ.

ಇದ್ಯಾವುದೂ ಇಲ್ಲ, ಕಣ್ಣು ಪೂರ್ತಿ ತೆರೆದಿದೆ, ತೆಳು ನೀರು ಮಾತ್ರ ಬರುತ್ತಿದೆ, ಊಟ ಮಾಡುತ್ತಿದೆ ಎಂದಾದರೆ ಮನೆಯಲ್ಲೇ ತೊಳೆದು ಒಂದು ದಿನ ಕಾದು ನೋಡಬಹುದು. ಗಟ್ಟಿ ಹಳದಿ ಗೀಜಾದರೂ ಬೆಕ್ಕು ಲವಲವಿಕೆಯಿಂದಿದ್ದರೆ ಮರುದಿನದ ತನಕ ತಡೆಯಬಹುದು, ಅದಕ್ಕಿಂತ ಹೆಚ್ಚು ಬೇಡ.

ಸಲೈನ್ ಮತ್ತು ಬಟ್ಟೆ

ಮೆಡಿಕಲ್ ಶಾಪಿನಲ್ಲಿ ಸಿಗುವ ನಾರ್ಮಲ್ ಸಲೈನ್, ಅಂದರೆ 0.9 ಶೇಕಡಾದ ಉಪ್ಪುನೀರು, ಒಂದು ಬಾಟಲಿ ಮನೆಯಲ್ಲಿರಲಿ. ಹೊಸನಗರ, ತೀರ್ಥಹಳ್ಳಿಯಂಥ ಪೇಟೆಯಲ್ಲೂ ಸುಲಭವಾಗಿ ಸಿಗುತ್ತದೆ, ದುಬಾರಿಯಲ್ಲ. ಮುಚ್ಚಳ ಕತ್ತರಿಸಿ ಸುರಿಯುವ ಬದಲು ಹೊಸ ಸಿರಿಂಜಿನಿಂದ ಬೇಕಾದಷ್ಟೇ ಎಳೆದುಕೊಂಡು, ಸೂಜಿ ತೆಗೆದು ಬಳಸಿ. ಒಮ್ಮೆ ತೆರೆದ ಬಾಟಲಿಯನ್ನು ಒಂದು ದಿನದ ಮೇಲೆ ಕಣ್ಣಿಗೆ ಬಳಸಬೇಡಿ. ಹಾಗಾಗಿ ಚಿಕ್ಕ ಬಾಟಲಿ ತಂದರೆ ಒಳ್ಳೆಯದು.

ಹಳ್ಳ ತುಂಬಿ ದಾರಿ ಬಂದಾದ ದಿನ ಅಂಗಡಿಗೆ ಹೋಗಲಾಗದಿದ್ದರೆ ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಅದಕ್ಕೆ ಮುಕ್ಕಾಲು ಟೀ ಚಮಚ ಪುಡಿ ಉಪ್ಪು ಕರಗಿಸಿ ಆರಿಸಿಕೊಳ್ಳಿ. ಉಪ್ಪು ಹೆಚ್ಚಾದರೆ ಉರಿಯುತ್ತದೆ, ಕಣ್ಣಂದಾಜು ಬೇಡ. ಅಬ್ಬಿ ನೀರು, ಬಾವಿ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಗೀಜು ತೊಳೆಯಲು ಬಳಸಬಾರದು.

ಹತ್ತಿಯ ಉಂಡೆಗಿಂತ ಗಾಜ್ ಬಟ್ಟೆ ಮೇಲು. ಹತ್ತಿಯ ಎಳೆ ಬಿಟ್ಟುಕೊಂಡು ಕಣ್ಣೊಳಗೆ ಉಳಿಯುತ್ತದೆ. ಗಾಜ್ ಇಲ್ಲವೆಂದರೆ ಹಳೆಯ ಮೆತ್ತನೆಯ ಪಂಚೆಯನ್ನು ಸಣ್ಣ ತುಂಡುಗಳಾಗಿ ಹರಿದು, ಕುದಿಸಿ, ಒಲೆಯ ಮೇಲಿನ ಹೊಗೆ ತಾಗದಂತೆ ಒಣಗಿಸಿಟ್ಟುಕೊಳ್ಳಿ.

ಹಿಡಿಯುವುದು, ತೊಳೆಯುವುದು

ಅರ್ಧ ಕೆಲಸ ಹಿಡಿಯುವುದರಲ್ಲಿದೆ. ಬೆಕ್ಕನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಿ ನೆಲಕ್ಕೆ ಒತ್ತಿದರೆ ಆ ದಿನ ಹೇಗೋ ಮುಗಿಯುತ್ತದೆ. ಮಾರನೆ ದಿನ ಅದು ನಿಮ್ಮ ಕೈಗೆ ಸಿಗುವುದಿಲ್ಲ, ಹುಲ್ಲಟ್ಟದ ಸಂದಿಯಲ್ಲಿ ಕೂತುಬಿಡುತ್ತದೆ. ಕಣ್ಣಿನ ಔಷಧಿ ದಿನಕ್ಕೆ ಮೂರು ನಾಲ್ಕು ಸಲ, ಅದೂ ಒಂದೆರಡು ವಾರ ಹಾಕಬೇಕಾಗಿ ಬರಬಹುದು. ಮೊದಲ ದಿನವೇ ಅದರ ವಿಶ್ವಾಸ ಕಳೆದುಕೊಳ್ಳಬೇಡಿ.

ದಪ್ಪ ಟವೆಲನ್ನು ಮಂಚದ ಮೇಲೋ ಮೇಜಿನ ಮೇಲೋ ಹಾಸಿ, ಬೆಕ್ಕನ್ನು ಮಧ್ಯ ಕೂರಿಸಿ. ಎರಡೂ ಬದಿಯಿಂದ ಬಿಗಿಯಾಗಿ ಸುತ್ತಿ, ತಲೆ ಮಾತ್ರ ಹೊರಗಿರಲಿ, ಮುಂಗಾಲು ಒಳಗಿರಲಿ. ಬೆಕ್ಕಿನ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ, ಮುಖ ಆಚೆಗಿರುವಂತೆ ಇಟ್ಟುಕೊಂಡರೆ ಅದು ಹಿಂದೆ ಸರಿಯಲಾಗುವುದಿಲ್ಲ, ಎದುರಿನಿಂದ ಕೈ ಬರುವುದೂ ಕಾಣುವುದಿಲ್ಲ. ಮನೆಯಲ್ಲಿ ಇಬ್ಬರಿದ್ದರೆ ಬೆಕ್ಕು ಯಾರ ಮಡಿಲಲ್ಲಿ ಮಲಗುತ್ತದೋ ಅವರು ಹಿಡಿಯಲಿ. ಮಕ್ಕಳ ಕೈಗೆ ಕೊಡಬೇಡಿ.

ಬಟ್ಟೆಯನ್ನು ಉಗುರುಬೆಚ್ಚಗಿನ ಸಲೈನಿನಲ್ಲಿ ನೆನೆಸಿ. ಬಿಸಿ ಎಷ್ಟಿದೆ ಎಂದು ಮುಂಗೈ ಒಳಬದಿಗೆ ತಾಗಿಸಿ ನೋಡಿಕೊಳ್ಳಿ. ಮುಚ್ಚಿದ ರೆಪ್ಪೆಯ ಮೇಲೆ ಒಂದೆರಡು ನಿಮಿಷ ಸುಮ್ಮನೆ ಇಡಿ, ಉಜ್ಜಬೇಡಿ. ಒಣಗಿದ ಗೀಜು ಮೆತ್ತಗಾಗಲು ಅಷ್ಟು ಹೊತ್ತು ಬೇಕು. ಒಣಗಿದ್ದನ್ನು ಉಗುರಿನಿಂದ ಕಿತ್ತರೆ ರೆಪ್ಪೆಯ ಕೂದಲು, ಚರ್ಮ ಎರಡೂ ಬರುತ್ತವೆ. ಮೆತ್ತಗಾದ ಮೇಲೆ ಮೂಗಿನ ಬದಿಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಆ ತುಂಡನ್ನು ಬದಿಗಿಡಿ. ಇನ್ನೊಂದು ಸಲಕ್ಕೆ ಇನ್ನೊಂದು ತುಂಡು. ಎರಡು ಕಣ್ಣಿಗೆ ಒಂದೇ ಬಟ್ಟೆ ಖಂಡಿತ ಬೇಡ, ಚೆನ್ನಾಗಿರುವ ಕಣ್ಣಿಗೆ ರೋಗ ದಾಟಿಸಿದ ಹಾಗಾಗುತ್ತದೆ. ಕಡಿಮೆ ಗೀಜಿರುವ ಕಣ್ಣನ್ನು ಮೊದಲು ಒರೆಸಿ.

ಒಳಗೂ ಗೀಜಿದ್ದರೆ ಸಿರಿಂಜಿನಿಂದ ಸಲೈನನ್ನು ಹೊರಮೂಲೆಯಿಂದ ಹನಿಹನಿಯಾಗಿ ಬಿಟ್ಟು ತೊಳೆಯಿರಿ, ಚಿಮ್ಮಿಸಬೇಡಿ. ಕೊನೆಗೆ ಒಣ ಬಟ್ಟೆಯಿಂದ ಕೆನ್ನೆಯ ತೇವ ತೆಗೆದು, ಅದಕ್ಕೆ ಇಷ್ಟವಾದದ್ದೇನಾದರೂ ಒಂದು ಚೂರು ಕೊಡಿ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಬಹುದು.

ಒಳಗೆ ಹುಲ್ಲಿನ ಚೂರು ಅಥವಾ ಭತ್ತದ ಊಬು ಕಂಡರೆ ಸಲೈನಿನಲ್ಲೇ ತೇಲಿ ಬರುತ್ತದೋ ನೋಡಿ. ಬಾರದಿದ್ದರೆ ಚಿಮಟ ಹಾಕಬೇಡಿ. ಒಕ್ಕಲಿನ ಕಾಲದಲ್ಲಿ ಕಣದಲ್ಲಿ ಇಲಿ ಹುಡುಕುವ ಬೆಕ್ಕುಗಳಿಗೆ ಊಬು ಮೂರನೆಯ ರೆಪ್ಪೆಯ ಹಿಂದೆ ಸಿಕ್ಕಿಕೊಳ್ಳಬಹುದು. ಅದನ್ನು ಮರಗಟ್ಟಿಸುವ ಹನಿ ಹಾಕಿ ವೈದ್ಯರೇ ತೆಗೆಯಬೇಕು. ತೆಳ್ಳಗೆ ಬಿಳಿ ದಾರದಂತೆ ಹುಳ ಹರಿದಾಡಿದ್ದು ಕಂಡರೂ ಹಾಗೆಯೇ. ಅದು ನೊಣಗಳಿಂದ ಬರುವ ಕಣ್ಣಿನ ಹುಳ, ದನಗಳಲ್ಲೂ ಇದೇ ಬಗೆಯ ಹುಳ ಕಾಣುತ್ತದೆ.

ರೆಪ್ಪೆಯ ಅಂಚಿನಲ್ಲಿ ಉಣ್ಣಿ ಕಚ್ಚಿಕೊಂಡಿದ್ದರೆ ಬರಿಗೈಯಲ್ಲಿ ಕೀಳಬೇಡಿ, ಸೀಮೆಎಣ್ಣೆ ಹಚ್ಚಲೂ ಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹರಡುವುದು ಉಣ್ಣಿಯಿಂದ. ಕಾಡಂಚಿನ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೈಗವಸು ಹಾಕಿಕೊಂಡೇ ಮುಟ್ಟಿ.

ತೊಳೆಯುವಾಗ ಬೆಕ್ಕು ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ವಿಚಾರ ಕೇಳಿ. ಮನೆಯ ಬೆಕ್ಕೇ ಆದರೂ ಕೇಳಿ.

ಕಣ್ಣಿಗೆ ಹಾಕಬಾರದ್ದು

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಬೆಕ್ಕಿನ ಕಣ್ಣು ಹಾಳಾಗುವುದರಲ್ಲಿ ಪ್ರೀತಿಯಿಂದ ಮಾಡಿದ ಉಪಚಾರದ ಪಾಲೂ ಇದೆ.

ನಂದಿಬಟ್ಟಲು ಹೂವಿನ ರಸ ಬೇಡ. ಗಿಡದ ಹಾಲು ಅದಕ್ಕೆ ಸೇರಿದರೆ ಕಣ್ಣು ಉರಿಯುತ್ತದೆ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಅರಿಶಿನದ ನೀರು, ಚಹಾ ಡಿಕಾಕ್ಷನ್, ತುಳಸಿ ರಸ ಯಾವುದೂ ಬೇಡ. ಇವು ಯಾವುವೂ ಕ್ರಿಮಿಶುದ್ಧವಲ್ಲ. ಗಾಯವಾದ ಗುಡ್ಡೆಯ ಮೇಲೆ ಹೊಸ ಬ್ಯಾಕ್ಟೀರಿಯಾ ಬಿತ್ತಿದ ಹಾಗಾಗುತ್ತದೆ. ಡೆಟಾಲ್ ಬೆರೆಸಿದ ನೀರಿನಲ್ಲಿ ಮುಖ ಒರೆಸುವವರೂ ಇದ್ದಾರೆ. ಡೆಟಾಲ್, ಫಿನಾಯಿಲ್‌ಗಳಲ್ಲಿರುವ ಫೀನಾಲ್ ಬಗೆಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ನೆಕ್ಕಿದರೆ ವಿಷವೇ.

ಮನುಷ್ಯರ ಡ್ರಾಪ್ಸ್ ವಿಚಾರ ಆಗಲೇ ಹೇಳಿದೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಆ್ಯಂಟಿಬಯೋಟಿಕ್ ಹೆಸರಿನ ಜೊತೆ 'ಡಿ' ಎಂಬ ಅಕ್ಷರ ಅಂಟಿದ್ದರೆ ಅದರಲ್ಲೂ ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಬೆರೆತಿರುತ್ತದೆ. ಕಣ್ಣಿನ ಕೆಂಪು ಇಳಿಸುವ ನ್ಯಾಫಜೋಲಿನ್ ಥರದ ಹನಿಗಳು ಬೆಕ್ಕಿನ ಹೃದಯ ಬಡಿತವನ್ನೇ ಕುಗ್ಗಿಸಬಲ್ಲವು.

ನೋವಿದೆಯೆಂದು ಪ್ಯಾರಾಸಿಟಮಾಲ್ ಕೊಡಲೇಬಾರದು. ನಾವು ತಲೆನೋವಿಗೆ ನುಂಗುವ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು, ಒಸಡು ಕಂದಾಗಿ, ಉಸಿರು ಕಟ್ಟಿ ಸಾಯುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೂಡ ಬೇಡ.

ಗೀಜಿನ ಹಿಂದೆ ಏನಿರುತ್ತದೆ

ಸೀನಿನ ಜೊತೆ ಎರಡೂ ಕಣ್ಣಿನಲ್ಲಿ ಗೀಜು ಬಂದರೆ ಹೆಚ್ಚಾಗಿ ಅದು ಬೆಕ್ಕಿನ ಫ್ಲೂ. ಇದರಲ್ಲಿ ಮುಖ್ಯ ವೈರಸ್‌ಗಳು ಎರಡು, ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ. ಹರ್ಪಿಸ್ ತಗಲಿದ 2ರಿಂದ 6 ದಿನಗಳಲ್ಲಿ ಕಣ್ಣು, ಮೂಗು ಸುರಿಯಲು ಶುರುವಾಗುತ್ತದೆ, ಗುಣವಾಗಲು ಎರಡು ವಾರದ ಮೇಲೆ ಹಿಡಿಯಬಹುದು. ಗುಣವಾದ ಮೇಲೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ, ಮುಖದ ನರದಲ್ಲಿ ಅಡಗಿರುತ್ತದೆ. ಮನೆ ಬದಲಾಯಿಸಿದಾಗ, ಹೊಸ ನಾಯಿಮರಿ ಬಂದಾಗ, ಹೆತ್ತು ಹಾಲೂಡುವಾಗ, ಮದುವೆ ಮನೆಯ ಗದ್ದಲದಲ್ಲಿ ಮತ್ತೆ ಎದ್ದುಬರುತ್ತದೆ. ವರ್ಷಕ್ಕೆ ಒಂದೆರಡು ಸಲ ಒಂದೇ ಕಣ್ಣಿನಲ್ಲಿ ನೀರು ಬರುವ ಬೆಕ್ಕುಗಳಲ್ಲಿ ಹಲವಕ್ಕೆ ಇದೇ ಕಾರಣ. ಹರ್ಪಿಸ್ ಕಣ್ಣುಗುಡ್ಡೆಯ ಮೇಲೆ ಹುಣ್ಣು ಮಾಡುತ್ತದೆ. ಕ್ಯಾಲಿಸಿಯಲ್ಲಿ ಬಾಯಿಹುಣ್ಣು, ಜೊಲ್ಲು ಹೆಚ್ಚು.

ಕ್ಲಾಮೈಡಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಸೀನು ಕಡಿಮೆ. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಶುರುವಾಗಿ ವಾರದೊಳಗೆ ಇನ್ನೊಂದಕ್ಕೂ ಬರುತ್ತದೆ. ರೆಪ್ಪೆಯ ಒಳಬದಿ ನೀರು ತುಂಬಿದಂತೆ ಉಬ್ಬುತ್ತದೆ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ನಾಲ್ಕು ವಾರ ಕೊಡುವುದು ರೂಢಿ. ಕಣ್ಣು ಒಂದೇ ವಾರದಲ್ಲಿ ತಿಳಿಯಾದರೂ ನಿಲ್ಲಿಸಬಾರದು, ನಿಲ್ಲಿಸಿದರೆ ಮರುಕಳಿಸುತ್ತದೆ. ಅಪರೂಪಕ್ಕೆ ಇದು ಮನುಷ್ಯರ ಕಣ್ಣಿಗೂ ಬರುವುದರಿಂದ ಬೆಕ್ಕನ್ನು ಮುಟ್ಟಿದ ಕೈ ತೊಳೆಯದೆ ಕಣ್ಣುಜ್ಜಬೇಡಿ.

ಒಂದೇ ಕಣ್ಣು, ಸೀನಿಲ್ಲ, ಹಠಾತ್ತನೆ ಶುರುವಾಯಿತು ಎಂದರೆ ಗಾಯ ಅಥವಾ ಒಳಗೇನೋ ಹೊಕ್ಕಿರುವುದು ಎಂದು ಮೊದಲು ಅನುಮಾನಿಸಿ.

ಹೊಗೆಯ ಮಾತನ್ನು ಇಲ್ಲಿ ಹೇಳಲೇಬೇಕು. ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯ ಒಲೆ ಬೆಳಗಿನಿಂದ ರಾತ್ರಿಯ ತನಕ ಉರಿಯುತ್ತದೆ. ಚಳಿಗೆ ಬೆಕ್ಕು ಅಲ್ಲಿಂದ ಕದಲುವುದಿಲ್ಲ. ಹಸಿ ಸೌದೆಯ ಹೊಗೆ, ಹಾರುವ ಬೂದಿ, ರಾತ್ರಿ ಸೊಳ್ಳೆ ಬತ್ತಿ ಎಲ್ಲ ಸೇರಿದರೆ ಎರಡೂ ಕಣ್ಣಲ್ಲಿ ತೆಳು ನೀರು ಬರುತ್ತದೆ. ಆಗ ಒಲೆಯಿಂದ ದೂರ, ಗೋಣಿಚೀಲ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಜಾಗ ಮಾಡಿಕೊಡಿ. ಎರಡು ದಿನದಲ್ಲಿ ನೀರು ನಿಂತರೆ ಕಾರಣ ಹೊಗೆಯೇ. ನಿಲ್ಲದಿದ್ದರೆ ಹೊಗೆಯ ಮೇಲೆ ತಪ್ಪು ಹಾಕಿ ಕೂರಬೇಡಿ.

ವೈದ್ಯರ ಹತ್ತಿರ

ತಾಲ್ಲೂಕು ಕೇಂದ್ರಗಳಲ್ಲೆಲ್ಲ ಸರ್ಕಾರಿ ಪಶು ಆಸ್ಪತ್ರೆಯಿದೆ. ಕಣ್ಣು ಮಬ್ಬಾಗಿದ್ದರೆ, ಗಾಯವಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ಹೋಗುವುದು ಲೇಸು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಹತ್ತಿರದಲ್ಲಿ ಎಲ್ಲಿ ತೋರಿಸಬಹುದು ಎಂದು ಕೇಳಬಹುದು. ಹೊರಡುವ ಮುಂಚೆ ಫೋನ್ ಮಾಡಿ, ಸಣ್ಣಪ್ರಾಣಿಗಳನ್ನು ನೋಡುವ ವೈದ್ಯರು ಎಷ್ಟು ಹೊತ್ತಿಗಿರುತ್ತಾರೆ ಎಂದು ತಿಳಿದುಕೊಂಡರೆ ಬಸ್ಸಿನ ಓಡಾಟ ಉಳಿಯುತ್ತದೆ.

ಬೆಕ್ಕನ್ನು ಮಡಿಲಲ್ಲಿ ಕೂರಿಸಿಕೊಂಡು ಬಸ್ ಹತ್ತಬೇಡಿ, ಹಾರ್ನ್ ಕೇಳಿ ಹಾರಿದರೆ ಮತ್ತೆ ಸಿಗುವುದಿಲ್ಲ. ಮುಚ್ಚಳವಿರುವ ಬೆತ್ತದ ಬುಟ್ಟಿ ಅಥವಾ ಗಾಳಿಯಾಡುವ ಪ್ಲಾಸ್ಟಿಕ್ ಕ್ರೇಟು ಸಾಕು. ಒಳಗೆ ಅದು ಮಲಗುವ ಬಟ್ಟೆಯನ್ನೇ ಹಾಸಿ, ಮೇಲೊಂದು ಬಟ್ಟೆ ಹೊದಿಸಿ. ಹೊರಡುವ ಬೆಳಿಗ್ಗೆ ಕಣ್ಣನ್ನು ಪೂರ್ತಿ ತೊಳೆದುಬಿಡಬೇಡಿ, ಗೀಜಿನ ಮಾದರಿ ಬೇಕಾಗಬಹುದು.

ಅಲ್ಲಿ ಒಂದು ಪ್ರಶ್ನೆ ಮರೆಯದೆ ಕೇಳಿ: "ಫ್ಲೋರೆಸಿನ್ ಹಾಕಿ ನೋಡ್ತೀರಾ?" ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗುಡ್ಡೆಯಲ್ಲಿ ಹುಣ್ಣಿದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಸ್ಟೀರಾಯ್ಡ್ ಇರುವ ಹನಿ ಕೊಡಬಹುದೋ ಬೇಡವೋ ಎಂಬುದು ಇದರ ಮೇಲೆ ನಿಂತಿದೆ. ದನಕರುಗಳನ್ನೇ ಹೆಚ್ಚಾಗಿ ನೋಡುವ ಆಸ್ಪತ್ರೆಗಳಲ್ಲಿ ಎನ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೈಗೆ ಸುಲಭವಾಗಿ ಸಿಗುವ ಔಷಧಿ. ಬೆಕ್ಕಿಗೆ ಅದು ದಿನಕ್ಕೆ ಕೆ.ಜಿ. ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು, ಮೀರಿದರೆ ದೃಷ್ಟಿಪಟಲ ಹಾಳಾಗಿ ಕುರುಡಾಗುವ ಸಂಭವವಿದೆ. ಬೆಕ್ಕಿನ ತೂಕ ಮನೆಯಲ್ಲೇ ನೋಡಿಕೊಂಡು ಹೋಗಿ. ನೀವು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರಾಯಿತು. ತೂಕ ಹೇಳಿ ವಿನಯದಿಂದ ವಿಚಾರಿಸಿದರೆ ಯಾವ ವೈದ್ಯರೂ ಬೇಸರಿಸುವುದಿಲ್ಲ.

ಹನಿ, ಮುಲಾಮು, ಮಾತ್ರೆ

ಹನಿ ಹಾಕುವಾಗ ಬೆಕ್ಕಿನ ಹಿಂದಿನಿಂದ ಕೈ ತನ್ನಿ. ಗದ್ದ ಸ್ವಲ್ಪ ಮೇಲೆತ್ತಿ, ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಮುಲಾಮಾದರೆ ಕೆಳರೆಪ್ಪೆಯನ್ನು ಎಳೆದು ಅಕ್ಕಿಕಾಳಿನಷ್ಟು ಇಟ್ಟು ಕಣ್ಣು ಮುಚ್ಚಿಸಿ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಹನಿ ಮೊದಲು, ಮುಲಾಮು ಆಮೇಲೆ. ತೆರೆದು ಒಂದು ತಿಂಗಳಾದ ಬಾಟಲಿಯನ್ನು ಎಸೆಯಿರಿ.

ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ಹಿಂದೆಯೇ ಸಿರಿಂಜಿನಲ್ಲಿ ಐದಾರು ಮಿಲಿ ನೀರು ಕುಡಿಸಿ ಅಥವಾ ಊಟ ತಿನ್ನಿಸಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಸುಟ್ಟು, ನಾಳ ಕಿರಿದಾಗುತ್ತದೆ.

ಕಣ್ಣು ಪರಚಿಕೊಳ್ಳುತ್ತಿದ್ದರೆ ಕುತ್ತಿಗೆಗೆ ಕಾಲರ್ ಬೇಕು. ಅಡಿಕೆ ಹಾಳೆಯಲ್ಲಿ ಮಾಡಬಹುದು ಎನಿಸುತ್ತದೆ, ಆದರೆ ಅದರ ಅಂಚು ಕುತ್ತಿಗೆ ಕೊಯ್ಯುತ್ತದೆ. ಹಳೆಯ ಎಕ್ಸ್‌ರೇ ಹಾಳೆಯನ್ನು ಸುರುಳಿ ಮಾಡಿ, ಅಂಚಿಗೆ ಬಟ್ಟೆ ಹೊಲಿದರೆ ಒಳ್ಳೆಯದು. ಮೂಗಿಗಿಂತ ಎರಡು ಬೆರಳು ಮುಂದಿರಲಿ.

ಊಟ

ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯುವುದಿಲ್ಲ. ವಾಸನೆ ತಿಳಿಯದೆ ಅದು ತಿನ್ನುವುದಿಲ್ಲ. ಮೂಗು ಒರೆಸಿ, ಊಟ ಬೆಚ್ಚಗೆ ಮಾಡಿ ಕೊಡಿ. ಮೀನು ತರುವ ಮನೆಯಾದರೆ ಬೇಯಿಸಿದ ಮೀನಿನ ನೀರು, ಇಲ್ಲವಾದರೆ ಪೇಟೆಯಲ್ಲಿ ಸಿಗುವ ಬೆಕ್ಕಿನ ಒದ್ದೆ ಆಹಾರದ ಪೊಟ್ಟಣ. ನೀವು ಸ್ನಾನ ಮಾಡಿದ ಮೇಲೆ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಬೆಕ್ಕನ್ನು ಹತ್ತು ಹದಿನೈದು ನಿಮಿಷ ಕೂರಿಸಿಕೊಂಡರೆ ಮೂಗು ಸಡಿಲವಾಗುತ್ತದೆ. ನೀಲಗಿರಿ ಎಣ್ಣೆ, ವಿಕ್ಸ್ ಹಬೆಗೆ ಹಾಕಬೇಡಿ, ಬೆಕ್ಕಿಗೆ ಅವು ವಿಷ. ದೊಡ್ಡ ಬೆಕ್ಕು ಎರಡು ದಿನ, ಮರಿ ಒಂದು ದಿನ ಏನೂ ತಿನ್ನದಿದ್ದರೆ ಕಣ್ಣಿಗಿಂತ ಅದೇ ದೊಡ್ಡ ಸಮಸ್ಯೆ. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಹಾಲು ಅನ್ನ, ಮೊಸರನ್ನದಲ್ಲೇ ಬೆಕ್ಕು ಸಾಕುವ ಮನೆಗಳು ಇಲ್ಲಿ ಅನೇಕ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿದೆ. ದೀರ್ಘಕಾಲ ಸಿಗದಿದ್ದರೆ ಗೀಜೂ ಇಲ್ಲದೆ, ಕೆಂಪೂ ಇಲ್ಲದೆ ಕಣ್ಣು ಕುರುಡಾಗುತ್ತದೆ. ಹೊರಗೆ ಇಲಿ ಹಿಡಿಯುವ ಬೆಕ್ಕು ಹೇಗೋ ಸರಿದೂಗಿಸಿಕೊಳ್ಳುತ್ತದೆ. ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿ ಹೊರಗೇ ಹೋಗದ ಬೆಕ್ಕಿಗೆ ಆ ದಾರಿಯಿಲ್ಲ. ಮಡಿ ಮನೆಯವರು ಅಂಗಡಿಯ ಬೆಕ್ಕಿನ ಕಾಳನ್ನಾದರೂ ಹೊರಜಗುಲಿಯಲ್ಲಿ ಹಾಕಬೇಕು ಎಂಬುದು ನನ್ನ ಕೋರಿಕೆ.

ಮರಿಗಳು

ಮರಿಗಳ ಕಣ್ಣು ಹುಟ್ಟಿದ 7ರಿಂದ 14 ದಿನದೊಳಗೆ ಬಿಡುತ್ತದೆ. ಬಿಡುವ ಮುಂಚೆಯೇ ಮುಚ್ಚಿದ ರೆಪ್ಪೆ ಉಬ್ಬಿ ನಿಂತಿದ್ದರೆ ಒಳಗೆ ಕೀವು ತುಂಬಿದೆ. ಮೂಲೆಯಲ್ಲಿ ಹನಿ ಕೀವು ಒಸರುತ್ತಿದ್ದರೂ ಹಾಗೆಯೇ. ಬೆಚ್ಚನೆ ಸಲೈನ್ ಬಟ್ಟೆಯಿಟ್ಟು ಮೂಲೆ ಸಡಿಲಾಗುತ್ತದೋ ನೋಡಿ, ಬೆರಳಿನಿಂದ ಬಿಡಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಕೀವು ಒಳಗೇ ನಿಂತರೆ ಕಣ್ಣುಗುಡ್ಡೆ ಕರಗುತ್ತದೆ ಅಥವಾ ರೆಪ್ಪೆ ಗುಡ್ಡೆಗೇ ಅಂಟಿಬಿಡುತ್ತದೆ. ಹುಲ್ಲಟ್ಟದಲ್ಲಿ ಮರಿ ಹಾಕಿದ ಬೆಕ್ಕನ್ನು ಮುಟ್ಟಬಾರದು, ಜಾಗ ಬದಲಾಯಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆದರೂ ತಾಯಿ ಊಟಕ್ಕೆ ಇಳಿದಾಗ ದಿನಕ್ಕೊಮ್ಮೆ ಟಾರ್ಚ್ ಹಿಡಿದು ಮರಿಗಳ ಮುಖ ನೋಡಿಬನ್ನಿ.

ಉಳಿದ ಬೆಕ್ಕುಗಳು ಮತ್ತು ಲಸಿಕೆ

ರೋಗ ಬಂದ ಬೆಕ್ಕಿಗೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಹಾಸಿಗೆ. ಮೊದಲು ಚೆನ್ನಾಗಿರುವ ಬೆಕ್ಕುಗಳಿಗೆ ಊಟ ಹಾಕಿ, ಆಮೇಲೆ ಇದರ ಹತ್ತಿರ ಹೋಗಿ ಕೈ ತೊಳೆದುಕೊಳ್ಳಿ. ಹರ್ಪಿಸ್ ವೈರಸ್ ಹೊರಗೆ ಹೆಚ್ಚೆಂದರೆ ಒಂದು ದಿನ ಬದುಕೀತು. ಕ್ಯಾಲಿಸಿ ವಾರಗಟ್ಟಲೆ ಇರುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚಿಂಗ್ ದ್ರಾವಣ ಹಾಕಿ ತಟ್ಟೆ, ನೆಲ ಒರೆಸಿ, ಹತ್ತು ನಿಮಿಷ ಬಿಟ್ಟು, ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಬೆಕ್ಕನ್ನು ಬಿಡಿ.

ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯುಕೊಪೀನಿಯಾ (ಬೆಕ್ಕಿನ ವಾಂತಿಭೇದಿಯ ವೈರಸ್ ರೋಗ) ಮೂರಕ್ಕೂ ಸೇರಿ ಒಂದೇ ಲಸಿಕೆಯಿದೆ. ಮರಿಗೆ 6ರಿಂದ 8 ವಾರವಾದಾಗ ಶುರುಮಾಡಿ, 3–4 ವಾರಕ್ಕೊಮ್ಮೆ 16 ವಾರ ತುಂಬುವ ತನಕ ಕೊಡಿಸಬೇಕು. ಆಮೇಲಿನ ಬೂಸ್ಟರ್ ಯಾವಾಗ ಎಂದು ವೈದ್ಯರು ಹೇಳುತ್ತಾರೆ. ಲಸಿಕೆ ಹಾಕಿಸಿದ ಬೆಕ್ಕಿಗೂ ಫ್ಲೂ ಬರಬಹುದು, ಆದರೆ ಹಗುರವಾಗಿ ಬರುತ್ತದೆ. ಮೇ ತಿಂಗಳೊಳಗೆ, ಮಳೆ ಹಿಡಿದು ಬೆಕ್ಕುಗಳೆಲ್ಲ ಒಲೆ ಮುಂದೆ ಸೇರುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ. ಅದೇ ಓಡಾಟದಲ್ಲಿ ರೇಬಿಸ್ ಲಸಿಕೆಯನ್ನೂ ಹಾಕಿಸಿಬಿಡಿ.